ಭಂಡಿಗಡಿಯ ತಿರುವಿನಲ್ಲಿ ನಿಲ್ಲಬೇಡ

ದೀಪಶ್ರೀ ಕೂಸೇ,

ಈ ಪತ್ರ ಯಶವಂತನ ಕೈಯಿಂದ ನಿನಗೆ ಸಿಗುತ್ತದೆ. ಸೋಮವಾರ ಬೆಳಿಗ್ಗೆ ಮಂಗಳೂರಿನ ವಿಮಾನ ನಿಲ್ದಾಣದಿಂದ ನಿನ್ನನ್ನು ಕರೆತರಲು ನಿನ್ನ ಅಪ್ಪ ಗೊತ್ತುಮಾಡಿದ ಟ್ಯಾಕ್ಸಿ ಅವನದೇ. ಕಾರು ಹತ್ತಿದ ಕೂಡಲೇ ಓದಲು ಶುರುಮಾಡು, ಕಾರ್ಕಳ ದಾಟುವುದರೊಳಗೆ ಮುಗಿಸು. ಘಟ್ಟದ ತಿರುವುಗಳಲ್ಲಿ ಓದಿದರೆ ನಿನಗೆ ಹೊಟ್ಟೆ ತೊಳಸುತ್ತದೆ, ಸಣ್ಣವಳಿದ್ದಾಗಿನಿಂದಲೂ ಹಾಗೇ.

ಫೋನು ಮಾಡಬಹುದಿತ್ತು. ನಿನ್ನ ಹೆಸರಿನ ಮೇಲೆ ಬೆರಳಿಟ್ಟು ತೆಗೆದಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡುತ್ತೀಯ, ಅವನು ಅವನ ಕಡೆಯ ಮಾತು ಹೇಳುತ್ತಾನೆ, ನೀನು ಅಳುತ್ತೀಯ, ಕೊನೆಗೆ ಎಲ್ಲ ನಿಮ್ಮ ಮನೆಯೊಳಗಿನ ಜಗಳವಾಗಿ ಮುಗಿಯುತ್ತದೆ. ಇದು ಮನೆಯೊಳಗಿನ ವಿಷಯವಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಒಂದು ಕಡೆ ಕೂತು ಬರೆಯಲು ಆಗುತ್ತಿಲ್ಲ. ಶುರುಮಾಡಿದ್ದು ಕೊಪ್ಪದ ಕೋರ್ಟಿನ ಜಗಲಿಯಲ್ಲಿ, ಈ ಸಾಲು ಬರೆಯುತ್ತಿರುವುದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಹೋಗುವುದಕ್ಕೆ ಜಾಗವಿಲ್ಲ. ಅಕ್ಷರ ಅಂಕುಡೊಂಕಾಗಿದೆ. ನಾನು ಲೈಬ್ರರಿ ನೋಡಿಕೊಳ್ಳುತ್ತಿದ್ದಾಗ ನಿನ್ನ ಅಕ್ಷರಕ್ಕೆ ಬೈದದ್ದನ್ನೆಲ್ಲ ಇವತ್ತಿಗೆ ವಾಪಸು ತೆಗೆದುಕೊಂಡೆ ಎಂದಿಟ್ಟುಕೋ.

ನಾರ್ವೆಯಿಂದ ನೀನು ಕಳಿಸಿದ ಎಲ್ಲವನ್ನೂ ನೋಡಿದ್ದೇನೆ, ಕೇಳಿದ್ದೇನೆ. ನಿಮ್ಮ ಕಾನೂನು ಕಾಲೇಜಿನ ಮಕ್ಕಳೆಲ್ಲ ಉಬ್ಬಿದ ಜಾಕೀಟು ತೊಟ್ಟು ಒಂದು ಜೈಲಿನ ಮುಂದೆ ಹಲ್ಲುಕಿರಿದು ನಿಂತ ಫೋಟೋ. ಆಮೇಲೆ ನಿನ್ನ ದನಿ: "ಕುಸುಮಕ್ಕಾ, ಇಲ್ಲಿ ಜೈಲಿನ ಕಿಟಕಿಗೆ ಸರಳೇ ಇಲ್ಲ ಮಾರಾಯ್ರೆ! ಕೈದಿಯೊಬ್ಬ ನಮಗೆಲ್ಲ ತಿಂಡಿ ಮಾಡಿ ಬಡಿಸಿದ. ದೋಸೆಗೆ ಜೇನುಗೂಡಿನ ಅಚ್ಚು ಒತ್ತಿದ್ರೆ ಹೆಂಗಿರುತ್ತೆ, ಹಂಗೆ." ಜೈಲಿನ ಅಧಿಕಾರಿ ನಿಮಗೆ ಹೇಳಿದ ಮಾತನ್ನು ನೀನು ಎರಡೆರಡು ಸಲ ಹೇಳಿದೆ: ಇವರು ಇವತ್ತಲ್ಲ ನಾಳೆ ಯಾರದೋ ಪಕ್ಕದ ಮನೆಗೆ ವಾಪಸು ಹೋಗುವವರು, ಎಂಥ ನೆರೆಯವರು ಬೇಕೆಂದು ಈಗಲೇ ಯೋಚಿಸಬೇಕು ಅಂತ. ಬೆಲೆಯುಳ್ಳ ಮಾತು. ಬರೆದಿಟ್ಟುಕೋ.

ಇನ್ನೊಂದು ದಿನ ಜಗಳ ಬಗೆಹರಿಸುವ ಮಂಡಳಿ ನೋಡಲು ಹೋದಿರಿ. ದುಂಡಗೆ ಹಾಕಿದ ಕುರ್ಚಿಗಳು, ನಡುವೆ ಮೇಜಿಲ್ಲ. ತಪ್ಪು ಮಾಡಿದವನೂ ನಷ್ಟವಾದವನೂ ಎದುರುಬದುರು ಕೂರುತ್ತಾರೆ. ಹೇಗೆ ನಡೆಯುತ್ತದೆಂದು ತೋರಿಸಲು ನಿಮ್ಮ ಕೈಯಲ್ಲೇ ಆಡಿಸಿದರಂತೆ. ಪಕ್ಕದ ಮನೆಯ ಮುದುಕನ ದೋಣಿ ಕದ್ದು ಮುರಿದ ಹುಡುಗನ ಪಾತ್ರ ನಿನಗೆ ಬಂತಂತೆ. "ತಪ್ಪಾಯ್ತು ಅಂತ ಹೇಳ್ಬೇಕಾದ್ರೆ ನಿಜವಾಗ್ಲೂ ಅಳು ಬಂತು ಕುಸುಮಕ್ಕಾ. ಇಂಥದ್ದು ನಮ್ಮಲ್ಲಿ ಯಾಕಿಲ್ಲ?" ಎಂದು ಕೇಳಿದೆ. ಆ ಪ್ರಶ್ನೆಯನ್ನು ನೆನಪಿಟ್ಟುಕೋ, ಅದಕ್ಕೆ ಆಮೇಲೆ ಬರುತ್ತೇನೆ.

ನನ್ನನ್ನು ಕೂರಲು ಬಿಡದೆ ಇರುವುದು ಹೋದ ವಾರದ ಮೆಸೇಜು. ಅಲ್ಲಿಯ ನ್ಯಾಯಾಧೀಶೆಯೊಬ್ಬರ ಜೊತೆ ನೀವು ಮಾತಾಡಿದಿರಿ. ನಮ್ಮ ಕಡೆ ಜಾಮೀನು ಸಿಕ್ಕಿದವನು ಹೊರಗೆ ಬರಬೇಕಾದರೆ ಭೂಮಿಯ ಪಹಣಿ ಇರುವವರು ಬಂದು ಸಹಿ ಹಾಕಬೇಕು ಎಂದು ನೀನು ವಿವರಿಸಿದೆ. ಅವರು ಸುಮ್ಮನೆ ಕೇಳಿದರಂತೆ, ಅವನ ಪರಿಚಯದವರಲ್ಲಿ ಯಾರಿಗೂ ಭೂಮಿ ಇಲ್ಲದಿದ್ದರೆ ಏನಾಗುತ್ತದೆ ಅಂತ. "ನಂಗೆ ಗೊತ್ತಾಗ್ಲಿಲ್ಲ, ಸುಮ್ನೆ ನಿಂತೆ, ಎಲ್ರೂ ನಕ್ರು" ಎಂದು ನೀನೂ ನಕ್ಕಿದ್ದೀಯ.

ನನಗೆ ಗೊತ್ತಿದೆ ಕೂಸೇ. ಅವನು ಒಳಗೇ ಇರುತ್ತಾನೆ. ಅವನ ಹೆಸರು ಯೋಗೇಂದ್ರ.

ಹೌದು, ನಿಮ್ಮ ತೋಟದ ಯೋಗೇಂದ್ರನೇ. ಕಲ್ಲಮ್ಮನ ಮಗ. ಪ್ರತಿ ಶನಿವಾರ ಜೀಪಿನಲ್ಲಿ ನಿನ್ನನ್ನು ಲೈಬ್ರರಿಗೆ ತಂದು ಬಿಟ್ಟು, ನೀನು ಪುಸ್ತಕ ಆರಿಸುವಷ್ಟು ಹೊತ್ತು ಪೇಪರಿನ ಕ್ರಿಕೆಟ್ ಪುಟವನ್ನು ಮಾತ್ರ ಓದಿ ಮಡಚಿಡುತ್ತಿದ್ದನಲ್ಲ, ಅವನು. "ಬೇರೆ ಪುಟದಲ್ಲಿ ಎಂತ ಇಲ್ವನಾ?" ಎಂದು ಕೇಳಿದರೆ, "ಬೇರೆ ಪುಟದಲ್ಲಿ ಯಾರೂ ಗೆಲ್ಲೋದಿಲ್ಲ ಕುಸುಮಕ್ಕ" ಅನ್ನುತ್ತಿದ್ದ.

ಮೆಣಸು ಒಣಗಿಸುವ ಕಾಲದಲ್ಲಿ, ನೀನು ಮಂಗಳೂರಿನ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾಗ, ನಿಮ್ಮ ಉಗ್ರಾಣದಿಂದ ಕಾಳುಮೆಣಸಿನ ಮೂಟೆಗಳು ಕಾಣೆಯಾದವು. ಬೀಗ ಒಡೆದಿರಲಿಲ್ಲ. ಬೀಗದ ಕೈ ಇದ್ದದ್ದು ನಿನ್ನ ಅಪ್ಪನ ಹತ್ತಿರ ಮತ್ತು ಯೋಗೇಂದ್ರನ ಹತ್ತಿರ. ಅವನು ಕದ್ದಿಲ್ಲ ಎಂದು ನಾನು ಆಣೆ ಹಾಕುವುದಿಲ್ಲ, ನಾನು ನೋಡಿಲ್ಲ. ಕದ್ದ ಎಂದು ನಿನ್ನ ಅಪ್ಪನೂ ನೋಡಿಲ್ಲ. ಕೋರ್ಟು ಇರುವುದು ಅದಕ್ಕೇ. ಮೂಟೆಗಳು ಇವತ್ತಿನವರೆಗೂ ಎಲ್ಲೂ ಸಿಕ್ಕಿಲ್ಲ.

ಆದರೆ ನಡುವೆ ಒಂದು ವಿಷಯ ನಡೆಯಿತು. ಮೂಟೆ ಹೋದ ಮರುದಿನ ಬೆಳಿಗ್ಗೆ ಕಲ್ಲಮ್ಮ ಮಿಂದು ಚೌಡಿ ದೇವಿಯ ಬನಕ್ಕೆ ಹೋಗಿ, ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಕೊಂಬೆಗೆ ಬಿಗಿದು ಬಂದಳು. ತಪ್ಪುಕಾಣಿಕೆ. ನಿನಗೆ ನಾನು ವಿವರಿಸಬೇಕಾಗಿಲ್ಲ. ನಿನ್ನ ಸಹಪಾಠಿಗಳು ಪಕ್ಕದಲ್ಲಿ ಕೂತಿದ್ದರೆ ಅವರಿಗೆ ಹೇಳು: ಊರಿನಲ್ಲಿ ಏನಾದರೂ ಕೆಟ್ಟದ್ದು ನಡೆದರೆ, ತಿಳಿದೋ ತಿಳಿಯದೆಯೋ ನಮ್ಮ ಕಡೆಯಿಂದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ ತಾಯಿ ಎಂದು ಕಟ್ಟುವುದು. ಮಾಡಿದವರಷ್ಟೇ ಕಟ್ಟುವುದಲ್ಲ, ಯಾರು ಬೇಕಾದರೂ ಕಟ್ಟುತ್ತಾರೆ, ಎಲ್ಲರೂ ಕಟ್ಟುತ್ತಾರೆ.

ಅದೇ ಗಂಟನ್ನು ನಿನ್ನ ಅಪ್ಪ ನೋಡಿದ. ದೂರು ಕೊಡುವಾಗ ಅದನ್ನೂ ಹೇಳಿದ. ಪೊಲೀಸರು ಯೋಗೇಂದ್ರನನ್ನು ಹಿಡಿದುಕೊಂಡು ಹೋದರು. ನಾನು ಸುದ್ದಿ ಕೇಳಿ ಭಂಡಿಗಡಿಗೆ ಓಡಿದಾಗ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. "ಕುಸುಮಕ್ಕ, ನೀವು ಓದಿದವ್ರು. ಮಗ ಕದ್ದಿಲ್ದೆ ಇದ್ರೆ ತಾಯಿ ಕಾಣಿಕೆ ಕಟ್ಟಿದ್ದು ಎಂತಕ್ಕೆ ಮಾರಾಯ್ರೆ?" ಎಂದ. ಅದೇ ಬನದ ನೆರಳಿನಲ್ಲಿ ಆಡಿ ಬೆಳೆದವನು! ನನ್ನ ಮೈ ಉರಿದುಹೋಯಿತು. ಹೊರಗಿನಿಂದ ಬಂದ ಪೊಲೀಸಿನವನಿಗೆ ಗೊತ್ತಿರಲಿಕ್ಕಿಲ್ಲ. ನಿನ್ನ ಅಪ್ಪ ಸುಂದರೇಶನಿಗೆ ಗೊತ್ತಿಲ್ಲವೇ?

ನಿನಗೆ ನೆನಪಿರಬೇಕು. ನಿನ್ನ ಅತ್ತೆಯ ಮದುವೆಯ ಗಡಿಬಿಡಿಯಲ್ಲಿ ನಿನ್ನ ಅಜ್ಜಿ ಕಮಲಕ್ಕನ ಮೂಗುಬೊಟ್ಟು ಕಳೆದುಹೋಯಿತು. ಆಗ ಬನದಲ್ಲಿ ಮೊದಲ ಕಾಣಿಕೆ ಕಟ್ಟಿದ್ದು ಯಾರು? ಕಮಲಕ್ಕನೇ. ನೀನು ಆ ಶನಿವಾರ ಲೈಬ್ರರಿಗೆ ಬಂದು ಮುಖ ಗಂಟುಹಾಕಿಕೊಂಡು, "ಕಳೆದದ್ದೂ ಅಜ್ಜಿಯದೇ, ಕಾಣಿಕೆ ಕಟ್ಟಿದ್ದೂ ಅಜ್ಜಿಯೇ, ಅದೆಂತ ಲೆಕ್ಕ?" ಎಂದು ಕೇಳಿದ್ದೆ. ನನಗೂ ಉತ್ತರ ಬೇಕಿತ್ತು. ಮುಂದೆ ಸಿಕ್ಕಾಗ ಕಮಲಕ್ಕನನ್ನೇ ಕೇಳಿದೆ. "ಕಳಕೊಂಡ ಹೊತ್ತಿಗೆ ಮನಸ್ಸಲ್ಲೇ ನಾಕು ಜನ್ರನ್ನ ಕಳ್ರು ಮಾಡಿ ಆಗಿದೆ ಮಾರಾಯ್ತಿ. ಅದು ತಪ್ಪಲ್ದಾ?" ಎಂದರು. ಮೂಗುಬೊಟ್ಟು ಆಮೇಲೆ ಅಟ್ಟದ ಚಾಪೆಯ ಸುರುಳಿಯಲ್ಲಿ ಸಿಕ್ಕಿತು. ಆ ನಾಲ್ಕು ಜನ ಯಾರೆಂದು ಅವರು ಸಾಯುವವರೆಗೂ ಬಾಯಿ ಬಿಡಲಿಲ್ಲ.

ಇಂಥದ್ದು ನಮ್ಮಲ್ಲಿ ಯಾಕಿಲ್ಲ ಎಂದು ಕೇಳಿದೆಯಲ್ಲ, ಇತ್ತು. ಮೇಜೂ ಇಲ್ಲದ, ಕುರ್ಚಿಯೂ ಇಲ್ಲದ ಒಂದು ಮಂಡಳಿ ನಮ್ಮಲ್ಲೂ ಇತ್ತು. ಹಳೆಯದೆಲ್ಲ ಚಿನ್ನ ಎನ್ನುವವಳಲ್ಲ ನಾನು, ನಿನಗೆ ಗೊತ್ತು. ಕೂಲಿಯವರ ಕಾಣಿಕೆ ಕೊಂಬೆಯಲ್ಲಿ ಎಲ್ಲರಿಗೂ ಕಾಣುವಂತೆ ನೇತಾಡುತ್ತಿತ್ತು, ಒಡೆಯರ ಕಾಣಿಕೆ ಬಹಳ ಸಲ ದೇವರ ಕೋಣೆಯ ಕತ್ತಲಲ್ಲಿ ಉಳಿಯುತ್ತಿತ್ತು. ಅದನ್ನೂ ನೋಡಿದ್ದೇನೆ. ಆದರೆ ಮನುಷ್ಯರನ್ನು ಒಂದು ಕಡೆ ಕೂರಿಸಲು ಇದ್ದ ಆ ಗಂಟನ್ನು ಬಿಚ್ಚಿ ಬೇಡಿಗೆ ಬಳಸಿದ್ದನ್ನು ನಾನು ಇದೇ ಮೊದಲು ಕಂಡದ್ದು.

ಈಗ ಬಸ್ಸಿನಲ್ಲಿದ್ದೇನೆ, ನರಸಿಂಹರಾಜಪುರದಿಂದ ವಾಪಸು. ಯಾಕೆ ಹೋಗಿದ್ದೆ ಎಂದು ಹೇಳುತ್ತೇನೆ.

ಹೋಳಿಯ ಹೊತ್ತಿಗೇ ಯೋಗೇಂದ್ರನಿಗೆ ಜಾಮೀನು ಆಯಿತು. ಆದೇಶ ಆಗಿದೆ, ಬಿಡುಗಡೆ ಆಗಿಲ್ಲ. ಇಬ್ಬರು ಜಾಮೀನುದಾರರು ಬೇಕು, ಇಬ್ಬರ ಕೈಯಲ್ಲೂ ಪಹಣಿ ಬೇಕು. ನಾನೇ ನಿಲ್ಲುತ್ತೇನೆ ಎಂದು ಕಲ್ಲಮ್ಮನನ್ನು ಕೋರ್ಟಿಗೆ ಕರೆದುಕೊಂಡು ಹೋದೆ. ಜಗಲಿಯಲ್ಲಿ ಕೂತು ಅರ್ಜಿ ಬರೆದುಕೊಡುವವನು ನನ್ನ ಪಿಂಚಣಿಯ ಪುಸ್ತಕ ನೋಡಿ, "ಇದು ನಡೆಯಲ್ಲಮ್ಮ, ಜಮೀನು ಬೇಕು. ಎಂತ, ಲೈಬ್ರರಿ ಪುಸ್ತಕ ಅಡ ಇಡ್ತೀರನಾ?" ಎಂದ. ಸುತ್ತ ಇದ್ದವರು ನಕ್ಕರು. ಕಲ್ಲಮ್ಮನೂ ನಕ್ಕಳು. ನಗದಿದ್ದರೆ ಅವನಿಗೆ ಬೇಸರವಾದೀತು, ಕೆಲಸ ಕೆಟ್ಟೀತು ಎಂದು. ಒಬ್ಬ ಜಾಮೀನುದಾರ ಸಾಕೆಂದು ಉಚಿತ ಕಾನೂನು ನೆರವಿನ ವಕೀಲರು ಅರ್ಜಿ ಹಾಕಿದ್ದಾರೆ. ಅದರ ತಾರೀಖು ಮುಂದೆ ಮುಂದೆ ಹೋಗುತ್ತಿದೆ.

ಭಂಡಿಗಡಿಯಲ್ಲಿ ಪಹಣಿ ಇರುವವರಿಗೆ ಬರವಿಲ್ಲ. ಯಾರೂ ಬರಲಿಲ್ಲ. ನಿನ್ನ ಅಪ್ಪ ಯಾರನ್ನೂ ಹೆದರಿಸಿಲ್ಲ, ಅದನ್ನು ನ್ಯಾಯವಾಗಿ ಹೇಳಬೇಕು. ಹಾಲಿನ ಡೈರಿಯ ಮುಂದೆ ನಿಂತು, "ಅವನಿಗೆ ಯಾರು ನಿಲ್ತಾರೆ, ನೋಡುವ" ಎಂದ, ಅಷ್ಟೇ. ಅಷ್ಟು ಸಾಕಾಯಿತು. ಒಬ್ಬನಿಗೆ ನಿಮ್ಮ ತೋಟದ ರಸ್ತೆ ಬೇಕು, ಇನ್ನೊಬ್ಬನಿಗೆ ಕಾಫಿ ಹಣ್ಣು ಸುಲಿಯಲು ನಿಮ್ಮ ಪಲ್ಪರ್ ಬೇಕು, ಮತ್ತೊಬ್ಬ ನಿಮಗೇ ನೆಂಟ.

ಕಲ್ಲಮ್ಮನ ಕಡೆಯವರಿಗೆ ಪಹಣಿ ಯಾಕಿಲ್ಲ ಎಂದು ನಿನಗೆ ಯಾರೂ ಹೇಳಿರುವುದಿಲ್ಲ. ನನ್ನ ಮೊದಲ ಕೆಲಸ ನರಸಿಂಹರಾಜಪುರದ ಲೈಬ್ರರಿಯಲ್ಲಿ. ಅಲ್ಲಿಗೆ ಪೇಪರು ಓದಲು ಬರುತ್ತಿದ್ದ ಮುದುಕರು ಕಿಟಕಿಯಾಚೆ ಭದ್ರಾ ಹಿನ್ನೀರಿನ ಕಡೆ ಕೈತೋರಿಸಿ, ಇಲ್ಲಿ ನಮ್ಮ ಗದ್ದೆ, ಅಲ್ಲಿ ನಮ್ಮ ಬಾವಿ ಎಂದು ನೀರಿನ ಮೇಲೆ ಗೆರೆ ಎಳೆಯುತ್ತಿದ್ದರು. ಕಲ್ಲಮ್ಮನ ತಾಯಿ ಆ ನೀರಿನಡಿಯ ಊರೊಂದರಿಂದ ಎದ್ದುಬಂದವಳು. ಗೇಣಿಗೆ ಉಳುತ್ತಿದ್ದವರಿಗೆ ಕಾಗದ ಇರಲಿಲ್ಲ, ಕಾಗದ ಇಲ್ಲದವರಿಗೆ ಬದಲಿ ಭೂಮಿ ಸಿಗಲಿಲ್ಲ, ಭೂಮಿ ಇಲ್ಲದವರು ನಿಮ್ಮಂಥವರ ತೋಟದ ಕೂಲಿಮನೆಗಳ ಲೈನಿಗೆ ಬಂದರು. ಊರು ಮುಳುಗಿಸಿದ ಸರ್ಕಾರವೇ ಇವತ್ತು ಮೊಮ್ಮಗನ ಹತ್ತಿರ, ನಿನಗೆ ಗೊತ್ತಿರುವವರಲ್ಲಿ ಭೂಮಿ ಯಾರಿಗಿದೆ ಹೇಳು ಎಂದು ಕೇಳುತ್ತಿದೆ. ಆ ನ್ಯಾಯಾಧೀಶೆಗೆ ಇದನ್ನು ಬರೆದು ಕಳಿಸು. ನಕ್ಕವರೆಲ್ಲರಿಗೂ ಕಳಿಸು.

ಆದರೂ ನರಸಿಂಹರಾಜಪುರದಲ್ಲಿ ಒಬ್ಬ ಸಿಕ್ಕ. ಗಣಪತಿ ಅಂತ, ಯೋಗೇಂದ್ರನ ಜೊತೆ ಶಾಲೆ ಬಿಟ್ಟವನು, ಈಗ ಸ್ವಲ್ಪ ಶುಂಠಿ ಬೆಳೆಯುತ್ತಾನೆ. ಕಲ್ಲಮ್ಮ ಬಾಯಿ ತೆರೆಯುವ ಮೊದಲೇ, "ನಾ ಬತ್ತೆ ಬಿಡಿ. ಆದ್ರೆ ನನ್ನ ಪಹಣಿಯಲ್ಲಿ ನನ್ನ ಹೆಸರಿಗಿಂತ ಬ್ಯಾಂಕಿನ ಹೆಸ್ರು ದೊಡ್ಡದಿದೆ, ಆಗ್ತದಾ ಕೇಳಿ" ಎಂದ. ಆಗುತ್ತದೆ ಎಂದು ವಕೀಲರು ಹೇಳಿದ್ದಾರೆ. ಸೋಮವಾರ ಮಧ್ಯಾಹ್ನ ಅವನು ಕೊಪ್ಪಕ್ಕೆ ಬರುತ್ತಾನೆ.

ಇನ್ನೊಬ್ಬರು ಬೇಕು.

ಇಷ್ಟು ಅವಸರ ಯಾಕೆ ಎಂದು ನೀನು ಕೇಳಬಹುದು. ಅದನ್ನು ಹೇಳಿಬಿಡುತ್ತೇನೆ. ಹೋದ ಗುರುವಾರ ಕಲ್ಲಮ್ಮನ ಜೊತೆ ಜೈಲಿಗೆ ಹೋಗಿ ಅವನನ್ನು ನೋಡಿಬಂದೆ. ತಂತಿಬಲೆಯ ಆಚೆ ನಿಂತಿದ್ದ. ಸೊರಗಿದ್ದಾನೆ, ಗಡ್ಡ ಬಿಟ್ಟಿದ್ದಾನೆ. ನಿನ್ನ ಬಗ್ಗೆ ಕೇಳಿದ. "ದೀಪಕ್ಕ ಫಾರಿನ್ನಿಗೆ ಹೋಗಿದಾರಂತೆ, ಜೈಲು ನೋಡೋಕೆ. ಇಲ್ಲೇ ತೋರಿಸ್ತಿದ್ನಲ್ಲ, ಟಿಕೆಟ್ ಖರ್ಚು ಉಳೀತಿತ್ತು" ಎಂದು ನಕ್ಕ. ಆಮೇಲೆ ತಾಯಿಯ ಮುಖ ನೋಡದೆ ನನ್ನ ಹತ್ತಿರ ಹೇಳಿದ: "ಮಂಗಳವಾರ ನನ್ನ ಕೇಸು ಕರೀತಾರೆ ಕುಸುಮಕ್ಕ. ಮಾಡಿದೀಯಾ ಅಂತ ಜಡ್ಜ್ ಕೇಳ್ತಾರಂತೆ. ಹೌದು, ತಪ್ಪಾಯ್ತು ಅಂತ ಹೇಳಿಬಿಡ್ತೆ. ಒಳಗಿರೋರೆಲ್ಲ ಹಂಗೇ ಹೇಳು ಅಂತಾರೆ, ಬೇಗ ಮುಗೀತದಂತೆ. ಎಂತ ಆಯ್ತು ಹೇಳಿ? ಅಬ್ಬೆ ಕಟ್ಟಿದ್ಲಲ್ಲ, ಹಂಗೇ ನಾನೂ ಒಂದು ತಪ್ಪುಕಾಣಿಕೆ ಕಟ್ಟಿದೆ ಅಂದ್ಕೊಳ್ತೆ."

ಕಲ್ಲಮ್ಮ ತಲೆಯಾಡಿಸಿದಳು! ಹೌದು ಮಗ, ಕಟ್ಟಿಬಿಡು ಎಂದಳು! ನಾನು ಬಲೆ ಹಿಡಿದು ಕೂಗಿದೆ, ಅದು ಬನ ಅಲ್ಲ ಮಾರಾಯ, ಅದು ಕೋರ್ಟು ಅಂತ. ಬನದಲ್ಲಿ ಕಟ್ಟಿದ್ದನ್ನು ಮಳೆಗಾಲ ಒಂದೇ ವರ್ಷದಲ್ಲಿ ಕರಗಿಸುತ್ತದೆ, ಅಲ್ಲಿ ಹೇಳಿದ್ದು ಸಾಯುವವರೆಗೂ ಹೆಸರಿನ ಮುಂದೆ ನಿಲ್ಲುತ್ತದೆ ಅಂತ. ಅವನ ಮಗಳನ್ನು ಶಾಲೆಯಲ್ಲಿ ಕಳ್ಳನ ಮಗಳು ಅನ್ನುತ್ತಾರೆ, ಮುಂದೆ ಯಾವ ತೋಟದಲ್ಲಿ ಏನು ಹೋದರೂ ಮೊದಲು ಅವನ ಬಾಗಿಲಿಗೇ ಬರುತ್ತಾರೆ ಅಂತ. ಅವನು ತಾಳ್ಮೆಯಿಂದ ಕೇಳಿಸಿಕೊಂಡ. "ಹೊರಗಿದ್ರೆ ಹೋರಾಡ್ತಿದ್ದೆ ಕುಸುಮಕ್ಕ. ಒಳಗೆ ಕೂತು ಎಂತ ಹೋರಾಡೋದು? ಮಳೆ ಹಿಡಿಯೋ ಮುಂಚೆ ಮನೆಗೆ ಹೋಗ್ಬೇಕು, ಅಷ್ಟೇ" ಎಂದ.

ಇದು ನನ್ನನ್ನು ಕೂರಲು ಬಿಡುತ್ತಿಲ್ಲ. ಅವನು ಹಟಮಾರಿಯಾಗಿದ್ದರೆ ಬೈಯಬಹುದಿತ್ತು, ಹೆದರಿದ್ದರೆ ಧೈರ್ಯ ಹೇಳಬಹುದಿತ್ತು. ಅವನು ನಮ್ಮ ಊರಿನವನು, ಅಷ್ಟೇ. ತಪ್ಪಾಯ್ತು ಎಂದರೆ ಮಾತು ಮುಗಿದು ಎಲ್ಲರೂ ಮನೆಗೆ ಹೋಗುತ್ತಾರೆ ಎಂದು ನಂಬಿ ಬೆಳೆದವನು. ಸೋಮವಾರ ಸಂಜೆಯೊಳಗೆ ಹೊರಗೆ ಬಂದರೆ ಮಂಗಳವಾರ ತಲೆಯೆತ್ತಿ, ನಾನು ಮಾಡಿಲ್ಲ ಎಂದು ಹೇಳುತ್ತಾನೆ. ಬರದಿದ್ದರೆ, ಕದ್ದಿರಲಿ ಬಿಡಲಿ, ಒಪ್ಪಿಕೊಳ್ಳುತ್ತಾನೆ.

ಶುಕ್ರವಾರ ಕೊನೆಯ ಸಲ ನಿನ್ನ ಅಪ್ಪನ ಹತ್ತಿರ ಹೋದೆ. ಜಾಮೀನಿಗೆ ಅಡ್ಡ ಬರುವುದಿಲ್ಲ ಎಂದು ಊರಲ್ಲಿ ಒಂದು ಮಾತು ಹೇಳು ಸಾಕು ಎಂದೆ. ಮಾತು ಬದಲಿಸಿ ಫೋನು ತೆಗೆದ. ನೀನು ಕಳಿಸಿದ ಜೈಲಿನ ಕೋಣೆಯ ಫೋಟೋ: ಮಂಚ, ಮೇಜು, ಹೂವಿನ ಪರದೆ. "ನೋಡಿ ಕುಸುಮಕ್ಕ, ನಮ್ಮ ಗೆಸ್ಟ್ ರೂಮಿಗಿಂತ ಚಂದ ಇದೆ! ನನ್ನ ಮಗಳು ನಾಳೆ ಇದನ್ನೆಲ್ಲ ನಮ್ಮ ದೇಶಕ್ಕೆ ತರ್ತಾಳೆ" ಎಂದ. ಹೆಮ್ಮೆಯಿಂದ ಅವನ ಕಣ್ಣು ತುಂಬಿತ್ತು. ಅವನು ಕೆಟ್ಟವನಲ್ಲ ದೀಪಶ್ರೀ. ಅದನ್ನು ಬರೆಯುವಾಗ ನನಗೆ ಇನ್ನೂ ಸಿಟ್ಟು ಬರುತ್ತದೆ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಸೋಮವಾರ ಸಂಜೆ ನಿಮ್ಮ ಅಂಗಳದಲ್ಲಿ ನಿನಗೆ ಶಾಲು ಹೊದಿಸುವ ಏರ್ಪಾಡು ಮಾಡಿದ್ದಾನೆ. ಶೃಂಗೇರಿಯಿಂದ ಅಡುಗೆಯವರು ಬರುತ್ತಾರೆ. ನೀನು ಬೇರೆ ದೇಶದ ನ್ಯಾಯದ ಬಗ್ಗೆ ನಾಲ್ಕು ಮಾತಾಡಬೇಕಂತೆ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಸಿರಿಮನೆಯಲ್ಲಿ ಕಮಲಕ್ಕನ ತವರಿನ ಕಡೆಯಿಂದ ಬಂದ ಕಾಫಿಯ ತುಂಡು ಭೂಮಿ ಇದೆ. ನಿನಗೆ ಹದಿನೆಂಟು ತುಂಬಿದ ವರ್ಷ ಅವರು ಅದನ್ನು ನಿನ್ನ ಹೆಸರಿಗೆ ಮಾಡಿಸಿದರು. ಆ ಪಹಣಿಯಲ್ಲಿ ನಿನ್ನ ಒಬ್ಬಳ ಹೆಸರಿದೆ, ನಾನು ಮೊನ್ನೆ ಶೃಂಗೇರಿಯಲ್ಲಿ ಅದರ ಪ್ರತಿ ತೆಗೆಸಿ ಇಟ್ಟುಕೊಂಡಿದ್ದೇನೆ. ನಿನ್ನನ್ನು ಕೇಳದೆ ತೆಗೆಸಿದೆ, ಬೇಕಾದರೆ ಬೈ. ದೂರು ಕೊಟ್ಟವನ ಮಗಳು ಜಾಮೀನು ನಿಲ್ಲಬಾರದು ಎಂದು ಯಾವ ಕಾನೂನಿನಲ್ಲೂ ಇಲ್ಲವಂತೆ. ವಕೀಲರನ್ನು ಕೇಳಿದೆ, ಅವರು ಕನ್ನಡಕ ತೆಗೆದು ನನ್ನನ್ನು ಒಮ್ಮೆ ನೋಡಿ, ಇಲ್ಲ ಎಂದರು.

ಇದರಲ್ಲಿ ನಿನಗೆ ನಷ್ಟವಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅವನು ತಲೆ ತಪ್ಪಿಸಿಕೊಂಡರೆ ಬಾಂಡಿನ ಹಣ ನಿನ್ನ ತಲೆಗೆ ಬರುತ್ತದೆ. ತಪ್ಪಿಸಿಕೊಳ್ಳದಿದ್ದರೂ ಸೋಮವಾರದ ಶಾಲು ನಿನಗೆ ಸಿಗುವುದಿಲ್ಲ. ಅಪ್ಪ ಎಷ್ಟು ಕಾಲ ಮಾತು ಬಿಡುತ್ತಾನೋ ನಾನು ಹೇಳಲಾರೆ. ನೀನು ಅವನ ಒಬ್ಬಳೇ ಮಗಳು, ಅವನ ಎದುರು ನಿಲ್ಲು ಎಂದು ಕೇಳಲು ನಾನು ಯಾರು ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ನಿನ್ನ ಅಜ್ಜಿ ನೋಂದಣಿ ಕಚೇರಿಯಿಂದ ಬಂದ ದಿನ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಹೇಳಿದ ಮಾತು ನೆನಪಾಗದೆ ಇದ್ದಿದ್ದರೆ ಈ ಕಾಗದವನ್ನು ಹರಿದೇಬಿಡುತ್ತಿದ್ದೆ. "ಹೆಣ್ಣುಮಗೀಗೆ ಒಂದು ಪಹಣಿ ಇರ್ಬೇಕು ಕುಸುಮ. ಯಾರ ಅಪ್ಪಣೆಯೂ ಕೇಳದೆ ಒಂದು ಕಡೆ ಸಹಿ ಹಾಕ್ಬೇಕು ಅನ್ನಿಸಿದ್ರೆ, ಹಾಕೋ ಹಾಗಿರ್ಬೇಕು."

ಪತ್ರ ಕೊಡುವಾಗ ಯಶವಂತ, "ಸುಂದರೇಶಣ್ಣ ಇನ್ನು ನನ್ನ ಕಾರು ಕರೆಯಲ್ಲ, ನಿಮ್ಮಿಂದ ನನ್ನ ಬಾಡಿಗೆ ಹೋಯ್ತು" ಎಂದು ಗೊಣಗುತ್ತಾನೆ, ನೋಡು ಬೇಕಾದರೆ. ಆದರೆ ಕೊಡುತ್ತಾನೆ. ಘಟ್ಟ ಹತ್ತಿ, ಕೆರೆಕಟ್ಟೆ ದಾಟಿ, ನೆಮ್ಮಾರ್ ಬಂದಾಗ ಮೊಬೈಲಿಗೆ ಸಿಗ್ನಲ್ ಸಿಗುತ್ತದೆ. ಅಪ್ಪನಿಗೆ ಫೋನು ಮಾಡುವುದಿದ್ದರೆ ಅಲ್ಲಿ ಮಾಡು. ಬಚ್ಚಿಡಬೇಡ. ಏನು ಮಾಡುತ್ತೀಯೋ ಅವನಿಗೆ ಹೇಳಿಯೇ ಮಾಡು. ಆಮೇಲೆ ಶೃಂಗೇರಿ, ಹರಿಹರಪುರ. ಭಂಡಿಗಡಿಯ ತಿರುವಿನಲ್ಲಿ ಬಣ್ಣದ ಕಾಗದ ಕಟ್ಟಿರುತ್ತಾರೆ, ನಿನ್ನ ಫೋಟೋ ಹಾಕಿದ ಬ್ಯಾನರೂ ಇರಬಹುದು. ಯಶವಂತ ಅಭ್ಯಾಸಬಲದಿಂದ ಅಲ್ಲಿ ಕಾರು ನಿಧಾನ ಮಾಡುತ್ತಾನೆ. ನಿಲ್ಲಬೇಡ. ಮುಂದೆ ಹೋಗು ಎಂದು ಹೇಳು. ಕೊಪ್ಪ ಹತ್ತಿರವೇ ಇದೆ.

ಕೋರ್ಟಿನ ಜಗಲಿಯಲ್ಲಿ ನಾನೂ ಕಲ್ಲಮ್ಮನೂ ಗಣಪತಿಯೂ ಕೂತಿರುತ್ತೇವೆ. ಕಲ್ಲಮ್ಮನಿಗೆ ಎರಡನೆಯ ಜಾಮೀನುದಾರರು ಯಾರೆಂದು ಹೇಳಿಲ್ಲ. ಹೇಳಿದ್ದರೆ, ಒಡೆಯರ ಮಗಳಿಗೆ ತೊಂದರೆ ಆಯ್ತಲ್ಲ ಎಂದು ಅವಳು ಇವತ್ತೇ ಹೋಗಿ ಬನದಲ್ಲಿ ಇನ್ನೊಂದು ಕಾಣಿಕೆ ಕಟ್ಟಿ ಬರುತ್ತಿದ್ದಳು. ನೀನು ಬರದಿದ್ದರೂ ಬೈಯುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಅದು ಸುಳ್ಳು. ಬೈಯುತ್ತೇನೆ. ಬಂದರೆ ಮಾತ್ರ, ನಿನಗೆ ಒಂದು ಉತ್ತರ ಸಿಗುತ್ತದೆ. ಅವನ ಪರಿಚಯದವರಲ್ಲಿ ಯಾರಿಗೂ ಭೂಮಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಮುಂದೆ ಯಾವ ದೇಶದಲ್ಲಿ ಯಾರು ಕೇಳಿದರೂ, ಒಬ್ಬಳಿಗೆ ಇತ್ತು ಎಂದು ಹೇಳಬಹುದು.

ರಾತ್ರಿ ಹತ್ತು ಗಂಟೆಯಾದರೂ ಕತ್ತಲಾಗದ ಊರಿನಿಂದ ಬರುತ್ತಿದ್ದೀಯ. ಆ ಬೆಳಕು ಘಟ್ಟ ಹತ್ತುವಾಗ ನಿನ್ನ ಕಣ್ಣಿನಿಂದ ಇಳಿದುಹೋಗದಿರಲಿ. ಸಹಿ ಹಾಕುವಾಗ ನಿನ್ನ ಅಕ್ಷರ ಕೆಡದಿರಲಿ. ನಿನ್ನ ಅಪ್ಪನಿಗೂ ಒಳ್ಳೆಯದಾಗಲಿ.

ಜಗಲಿಯ ಕೊನೆಯ ಕಂಬದ ಹತ್ತಿರ ಹುಡುಕು, ಅಲ್ಲೇ ಇರುತ್ತೇನೆ.

ನಿನ್ನ
ಕುಸುಮಕ್ಕ